ಎಡಗಣ್ಣಿನ ಶಕುನ

ಜಯದೇವಿಯ ಎಡಗಣ್ಣಿನ ಕೆಳರೆಪ್ಪೆ ಮೊದಲ ಸಲ ಅದುರಿದ್ದು ೧೯೮೫ರ ಯುಗಾದಿಯ ಮಾರನೇ ದಿನ. ಅತ್ತೆ ಮುನಿತಾಯಮ್ಮನಿಗೆ ಖುಷಿಯೋ ಖುಷಿ.

"ಹೆಂಗಸ್ರಿಗೆ ಎಡಗಣ್ಣು ಅದುರಿದ್ರೆ ಒಳ್ಳೇದು ಕಣೇ. ಡಾಕ್ಟ್ರು ಗೀಕ್ಟ್ರು ಅಂತ ಹೋಗಿ ನಿಲ್ಲಿಸ್ಕೊಂಡು ಬಂದ್ಬಿಟ್ಟೀಯ."

ಜಯದೇವಿಯೂ ನಂಬಿದಳು. ಒಳ್ಳೆಯದು ಬರಲಿ ಎಂದು ಒಂದು ವರ್ಷ ಕಾದಳು.

ಅದುರು ಕೆನ್ನೆಗಿಳಿಯಿತು, ಅಲ್ಲಿಂದ ಬಾಯಿಯ ಅಂಚಿಗೆ. ಯಾರೋ ದಾರ ಕಟ್ಟಿ ಜಗ್ಗಿದಂತೆ ಮುಖದ ಎಡಭಾಗ ಮೇಲಕ್ಕೆಳೆದು ಕಣ್ಣು ಮುಚ್ಚಿಹೋಗುತ್ತಿತ್ತು.

ರಾಜಾಜಿನಗರದ ಸಣ್ಣ ಗಡಿಯಾರ ಕಾರ್ಖಾನೆಯೊಂದರಲ್ಲಿ ಅವಳದು ಹನ್ನೊಂದು ವರ್ಷದ ಕೆಲಸ. ಐಗ್ಲಾಸೆಂಬ ಪುಟ್ಟ ಭೂತಗನ್ನಡಿಯನ್ನು ಹುಬ್ಬು, ಕೆನ್ನೆಗಳ ನಡುವೆ ಬಿಗಿಹಿಡಿದು, ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಿಂದ ಕೂರಿಸಬೇಕು. ಈಗ ಐಗ್ಲಾಸು ಟಪ್ಪನೆ ಮೇಜಿಗೆ ಬೀಳುತ್ತಿತ್ತು. ಬಲಗಣ್ಣಿಗೆ ಹಾಕೋಣವೆಂದರೆ ಅದು ಹುಟ್ಟಾ ಮಂಜು.

"ಯಾರಿಗ್ ಕಣ್ಣು ಹೊಡೀತಿದೀಯೇ? ನಾಗರಾಜಣ್ಣಂಗಾ?" ಎಂದು ಪಕ್ಕದ ಬೆಂಚಿನ ಬೋರಮ್ಮ ಚುಡಾಯಿಸಿದಳು.

ಸೂಪರ್‌ವೈಸರ್ ನಾಗರಾಜು ನಗಲಿಲ್ಲ. "ಈ ವಾರ ಹದಿನೇಳು ಸ್ಪ್ರಿಂಗ್ ಹಾಳಾಗಿದೆ ಜಯಮ್ಮಾ. ಎರಡು ತಿಂಗಳಲ್ಲಿ ವಾಸಿ ಮಾಡಿಸ್ಕೊಳ್ಳಿ. ಇಲ್ದಿದ್ರೆ ಪ್ಯಾಕಿಂಗ್‌ಗೆ ಹಾಕ್ಬೇಕಾಗುತ್ತೆ."

ಆಸ್ಪತ್ರೆಯ ಡಾಕ್ಟರು ಚೀಟಿಯ ಹಿಂದೆ ಎರಡು ಗೆರೆ ಎಳೆದು ತೋರಿಸಿದರು. ಕಿವಿಯ ಹಿಂದೆ, ಒಳಗೆ, ಒಂದು ರಕ್ತನಾಳ ಮುಖದ ನರವನ್ನು ಒತ್ತುತ್ತಿರಬೇಕು. ಅವರು ಕೊಟ್ಟ ಮಾತ್ರೆಯಿಂದ ತೂಕಡಿಕೆ ಬಂತು, ಅದುರು ಹೋಗಲಿಲ್ಲ.

ಎರಡು ತಿಂಗಳ ಕೊನೆಗೆ ಮತ್ತೆ ಹೋದಳು.

"ತಲೆಬುರುಡೆ ತೆರೆದು ನಾಳ ಸರಿಸೋ ಆಪರೇಷನ್ ಒಂದಿದೆ," ಎಂದರು ಡಾಕ್ಟರು. "ನಮ್ಮಲ್ಲಿ ಮಾಡೋರಿಲ್ಲ. ಮಾಡಿದ್ರೂ ಆ ಕಡೆ ಕಿವಿ ಹೋಗ್ಬಹುದು. ಜೀವಕ್ಕೇನೂ ಅಪಾಯ ಇಲ್ಲಮ್ಮ."

"ಒಂದು ವರ್ಷ ಮುಂಚೆ ಬಂದಿದ್ರೆ ಸಾರ್?"

"ಆಗ್ಲೂ ಇದನ್ನೇ ಹೇಳ್ತಿದ್ದೆ."

ಅತ್ತೆಯ ಮೇಲೆ ಹೊರಿಸಲು ಇಟ್ಟುಕೊಂಡಿದ್ದ ತಪ್ಪೂ ಅಲ್ಲಿಗೆ ಕೈಬಿಟ್ಟುಹೋಯಿತು.

ಮರುದಿನ ಐಗ್ಲಾಸನ್ನು ನಾಗರಾಜುವಿಗೆ ಒಪ್ಪಿಸಿ, ಬೇರೆಯವರು ಜೋಡಿಸಿದ ಗಡಿಯಾರಗಳನ್ನು ಸಂಜೆಯವರೆಗೆ ಡಬ್ಬಿಗೆ ತುಂಬಿದಳು. ಮಹಾಲಕ್ಷ್ಮಿ ಲೇಔಟಿನ ಮನೆಯ ಬಾಗಿಲಲ್ಲಿ ಅತ್ತೆ ಹೂ ಕಟ್ಟುತ್ತಾ ಕೂತಿದ್ದಳು.

"ಬೆಂಚಿಂದ ಎಬ್ಬಿಸಿ ಪ್ಯಾಕಿಂಗ್‌ಗೆ ಹಾಕಿದ್ರು ಅತ್ತೆ."

"ಕಣ್ಣಿಗೆ ಶ್ರಮ ಇಲ್ಲ ಅನ್ನು. ಒಳ್ಳೇದಾಗುತ್ತೆ ಅಂತ ನಾನ್ ಹೇಳಿರ್ಲಿಲ್ವಾ?"

ಜಯದೇವಿ ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಬಾಯಿಯ ಅಂಚು ಜಗ್ಗಿ ಮೇಲೆ ಹೋಯಿತು.

"ನೋಡು, ನಗು ಬಂತು," ಎಂದಳು ಮುನಿತಾಯಮ್ಮ.