ಮುಂದೆ ನಡೆಯುವವರು

ಕಣ್ಣಿನ ಆಪರೇಷನ್ ಆದಮೇಲೆ ಶ್ರೀರಂಗನಿಗೆ ಕಾಣುತ್ತಿದ್ದುದು ನೆಲ ಮಾತ್ರ. ಎಡಗಣ್ಣಿನ ಹಿಂದಿನ ಪರದೆ ಕಳಚಿಕೊಂಡಿತ್ತು. ಡಾಕ್ಟರು ಅದನ್ನು ಮತ್ತೆ ಅಂಟಿಸಿ, ಬಿಟ್ಟುಕೊಳ್ಳದಿರಲೆಂದು ಒಳಗೆ ಅನಿಲದ ಒಂದು ಗುಳ್ಳೆ ತುಂಬಿದ್ದರು. ಗುಳ್ಳೆ ಮೇಲಕ್ಕೇರಿ ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಮುಖ ಕೆಳಗಿರಬೇಕು. ಒಂದು ವಾರ, ಹಗಲೂ ರಾತ್ರಿಯೂ. ಊಟಕ್ಕೆ ಕೂತರೂ, ಕಾಲು ಜೋಮು ಹಿಡಿದಾಗ ನಾಲ್ಕು ಹೆಜ್ಜೆ ಓಡಾಡಿದರೂ ತಲೆ ಎತ್ತುವಂತಿಲ್ಲ.

ಇದೆಲ್ಲ ಹೆಂಡತಿ ವೇದಾಗೆ ಕಷ್ಟವೆನಿಸಲಿಲ್ಲ. ಕಷ್ಟವಾಗಿದ್ದು ಡಾಕ್ಟರು ಕೊನೆಗೆ ಹೇಳಿದ ಮಾತು. ಗುಳ್ಳೆ ಪೂರ್ತಿ ಕರಗುವ ತನಕ ವಿಮಾನ ಹತ್ತಬಾರದು, ಹತ್ತಿದರೆ ಗುಳ್ಳೆ ಹಿಗ್ಗಿ ಕಣ್ಣೇ ಹೋಗುತ್ತದೆ. ಆ ಎಚ್ಚರಿಕೆ ಬರೆದ ಹಸಿರು ಪಟ್ಟಿಯೊಂದನ್ನು ಅವನ ಮಣಿಕಟ್ಟಿಗೆ ಸುತ್ತಿ ಕಳಿಸಿದ್ದರು.

ಜನವರಿ ಕೊನೆಗೆ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಅವರ ಒಬ್ಬಳೇ ಮಗಳು ರಶ್ಮಿತಾಳ ಪದವಿ ಪ್ರದಾನ. ಹಳೆಯ ಕಟ್ಟಡಗಳನ್ನು ಉಳಿಸಿಕೊಳ್ಳುವ ವಿದ್ಯೆಯನ್ನು ಅವಳು ಅಲ್ಲಿ ಓದಿದ್ದಳು. ಇಬ್ಬರ ಟಿಕೆಟ್ಟೂ ಜುಲೈನಲ್ಲೇ, ಇಲ್ಲಿನ ಚಳಿಗಾಲದಲ್ಲೇ, ತೆಗೆದಾಗಿತ್ತು. ಈಗ ರದ್ದು ಮಾಡುವುದು ಒಂದನ್ನೋ ಎರಡನ್ನೋ, ಶುಕ್ರವಾರದೊಳಗೆ ಹೇಳಿ ಎಂದು ಟ್ರಾವೆಲ್ಸ್‌ನ ಹರ್ಷವರ್ಧನ್ ಎರಡು ಸಲ ಫೋನ್ ಮಾಡಿದ್ದ. ವೇದಾ ಎರಡು ಸಲವೂ "ಹೇಳ್ತೀನಪ್ಪ" ಎಂದು ಇಟ್ಟಿದ್ದಳು.

ಅವಳು ಜೀವನದಲ್ಲಿ ಎಲ್ಲಿಗೂ ಒಬ್ಬಳೇ ಹೋದವಳಲ್ಲ. ಭೂಗೋಳದ ದಕ್ಷಿಣ ತುದಿಯ ಈ ಫ್ಲ್ಯಾಟ್ ಬುಷ್‌ನಿಂದ ಆಫೀಸಿಗೆ ಕಾರು ಓಡಿಸಿಕೊಂಡು ಹೋಗುತ್ತಾಳೆ, ಬರುತ್ತಾಳೆ, ಅಷ್ಟೆ. ಅದೂ ಮೊದಲ ವಾರ ಶ್ರೀರಂಗ ಪಕ್ಕದಲ್ಲಿ ಕೂತು ಯಾವ ಲೇನು, ಯಾವ ಸಿಗ್ನಲ್ಲು ಎಂದು ಹೇಳಿಕೊಟ್ಟ ದಾರಿ.

"ವೇದಾ, ಫ್ರಿಜ್ಜಿನ ಕೆಳಗೆ ಜೀರಿಗೆ ಬಿದ್ದಿದೆ ನೋಡು."

"ಇರಲಿ ಬಿಡಿ."

"ಇವತ್ತಿನದಲ್ಲ ಕಣೇ, ಹಳೇದು. ಬಣ್ಣ ಹೋಗಿದೆ."

ಮುಖ ತೂರಿಸಲು ತೂತಿರುವ ದಿಂಬೊಂದನ್ನು ಪಕ್ಕದ ಮನೆಯ ಕೃಪಾ ಎಲ್ಲಿಂದಲೋ ಹೊಂದಿಸಿ ತಂದಿದ್ದಳು. ಡೈನಿಂಗ್ ಟೇಬಲ್ಲಿನ ಅಂಚಿಗೆ ಅದನ್ನು ಇಟ್ಟು, ಅದರ ಮೇಲೆ ಹಣೆಯೂರಿ ಕೂತಿರುತ್ತಿದ್ದ. ಸೇತುವೆಗಳ ತಪಾಸಣೆ ಮಾಡುವ ಸಿವಿಲ್ ಇಂಜಿನಿಯರ್. ಈಗ ತಪಾಸಣೆಗೆ ಸಿಕ್ಕಿದ್ದು ಅಡುಗೆಮನೆಯ ನೆಲ. ಟೈಲ್ಸ್ ಸಂದಿ, ಸೋಫಾದ ಕೆಳಗಿನ ಕಾಲುಚೀಲ, ಬಾಗಿಲ ಬಳಿ ಎದ್ದ ಹಲಗೆ ಎಲ್ಲವೂ ಅವನ ಬಾಯಲ್ಲಿ ಬಂದುಹೋಗಿದ್ದವು.

ಬುಧವಾರ ಸಂಜೆ ಕೃಪಾ ಮತ್ತೆ ಬಂದಳು, ಕೈಯಲ್ಲಿ ಬೇಳೆಸಾರಿನ ಡಬ್ಬಿ. ಮೂಲ ಬೆಂಗಳೂರಿನವಳು, ಬಾಯಿ ಜೋರು, ಮನಸ್ಸು ಒಳ್ಳೆಯದು.

"ಏನಂಕಲ್, ಯಾವಾಗ್ಲೂ ತಲೆ ಎತ್ಕೊಂಡೇ ಓಡಾಡ್ತಿದ್ರಿ. ಈಗ ನಮ್ಮನ್ನ ನೋಡಿದ್ರೆ ತಲೆ ತಗ್ಗಿಸೋ ಹಾಗಾಯ್ತಲ್ಲ!"

"ಬಾಮ್ಮ ಬಾ. ಹೊಸ ಚಪ್ಪಲಿ ಚೆನ್ನಾಗಿದೆ."

ಕೃಪಾ ನಕ್ಕಳು. ಆಮೇಲೆ ವೇದಾಳತ್ತ ತಿರುಗಿ ದನಿ ತಗ್ಗಿಸಿದಳು. "ಆಂಟಿ, ನೀವು ಹೋಗ್ಬಿಟ್ಟು ಬನ್ನಿ. ಆ ಹೊತ್ತಿಗೆ ಅಂಕಲ್ ಎದ್ದು ಕೂತಿರ್ತಾರೆ. ಊಟ ನಮ್ಮನೇಲಿ, ಕಣ್ಣಿಗೆ ಡ್ರಾಪ್ಸ್ ನನ್ ಗಂಡ ರಾಘವ್ ಹಾಕ್ತಾನೆ. ನೀವ್ಯಾಕೆ ಯೋಚ್ನೆ ಮಾಡ್ತೀರಿ?"

"ಯೋಚನೆ ಏನಿಲ್ಲ ಕೃಪಾ. ಸುಸ್ತು."

"ಸುಸ್ತಿಗೆ ವಿಮಾನದಲ್ಲಿ ನಿದ್ದೆ ಮಾಡಿ. ಇಪ್ಪತ್ತೈದು ಗಂಟೆ ಯಾರೂ ಕಾಫಿ ಕೇಳಲ್ಲ."

ವೇದಾ ನಗಲು ಪ್ರಯತ್ನಿಸಿದಳು. ಸುಸ್ತು ಎಂದಾಗಲೆಲ್ಲ ಜನ ನಿದ್ದೆಯ ಮಾತಾಡುತ್ತಾರೆ. ತನ್ನದು ನಿದ್ದೆಯಿಂದ ಹೋಗುವಂಥದ್ದಲ್ಲ ಎಂದು ಹೇಗೆ ಹೇಳುವುದು, ಅವಳಿಗೆ ತಿಳಿಯಲಿಲ್ಲ. ಡಬ್ಬಿ ತೊಳೆದು ಕೊಟ್ಟಳು.

ಅದೇ ರಾತ್ರಿ ರಶ್ಮಿತಾಳ ವೀಡಿಯೊ ಕಾಲ್ ಬಂತು. ಫೋನನ್ನು ನೆಲದ ಮೇಲೆ, ಶ್ರೀರಂಗನ ಮುಖದ ಕೆಳಗೆ ಇಡಬೇಕಾಯಿತು. ಬಾವಿಯೊಳಗೆ ಬಗ್ಗಿ ನೋಡುವವನಂತೆ ಅವನು ಮಗಳನ್ನು ನೋಡಿದ. ವೇದಾ ಪಕ್ಕದಲ್ಲಿ ಮಂಡಿಯೂರಿದಳು.

"ಅಪ್ಪಾ, ಯುವರ್ ಫೇಸ್ ಈಸ್ ಸೋ ಪಫಿ! ಅಮ್ಮ ಬರ್ತಾ ಇದಾಳೆ ಅಲ್ವಾ? ಐ ಜಸ್ಟ್ ನೀಡ್ ಒನ್ ಪರ್ಸನ್ ಇನ್ ದಟ್ ಹಾಲ್."

"ಬರ್ತಾಳೆ, ಬರ್ತಾಳೆ," ಎಂದ ಶ್ರೀರಂಗ. "ನಾನು ಎಲ್ಲಾ ದಾರಿ ಹೇಳಿಕೊಡ್ತೀನಿ."

"ಅಮ್ಮಾ?"

"ನೋಡೋಣ ಪುಟ್ಟಿ."

ಮಗಳ ಹಿಂದಿನ ಕಿಟಕಿಯಲ್ಲಿ ಅಲ್ಲಿನ ಬೂದು ಬಣ್ಣದ ಬೆಳಗು. ಆಮೇಲೆ "ಓಕೆ" ಎಂದು ಅವಳು ಕಾಲ್ ಮುಗಿಸಿದಳು. ಆ ಓಕೆಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ವೇದಾಗೆ ಸುಲಭವಾಗುತ್ತಿತ್ತು.

ಯಾರ್ಕ್‌ಗೆ ಹೋಗುವ ಮಾತು ಬಂದಂದಿನಿಂದ ಶ್ರೀರಂಗ ಅಲ್ಲಿನ ಕೋಟೆಗೋಡೆಯ ಬಗ್ಗೆ ಓದಿದ್ದೇ ಓದಿದ್ದು. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು, ಚಳಿಗಾಲದಲ್ಲಿ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತಾರೆ, ಎಲ್ಲ ಅವನಿಗೆ ಬಾಯಿಪಾಠ. ಕೃಪಾ ಒಮ್ಮೆ, "ದುರ್ಗದ ಹುಡುಗೀನ ಗೋಡೆ ತೋರ್ಸೋಕೆ ಅಷ್ಟು ದೂರ ಕರ್ಕೊಂಡು ಹೋಗ್ತೀರಾ ಅಂಕಲ್?" ಎಂದು ಕೆಣಕಿದ್ದಳು.

ವೇದಾ ಚಿತ್ರದುರ್ಗದವಳು. ಏಳು ಸುತ್ತಿನ ಕೋಟೆ ಅವಳ ಶಾಲೆಯ ಹಿಂದೆಯೇ ಇತ್ತು. ಮದುವೆಯಾದ ಹೊಸತರಲ್ಲಿ ಮೈಸೂರಿನಿಂದ ಶ್ರೀರಂಗನನ್ನು ಕರೆದುಕೊಂಡು ಹೋಗಿದ್ದಳು, ತಾನು ಓಡಾಡಿದ ಜಾಗಗಳನ್ನೆಲ್ಲ ತೋರಿಸಬೇಕೆಂದು. ಮೊದಲ ಬಾಗಿಲು ದಾಟುವಷ್ಟರಲ್ಲಿ ಅವನು ಹತ್ತು ಹೆಜ್ಜೆ ಮುಂದಿದ್ದ. ಯಾರನ್ನೋ ದಾರಿ ಕೇಳಿದ, ತಿರುಗಿ ಅವಳಿಗೆ ಹೇಳಿದ, "ಈ ಕಡೆ ಬಾ." ಅದು ಅವಳು ದಿನವೂ ಆಡಿದ ದಾರಿ. ಗೊತ್ತು ಎನ್ನಬಹುದಿತ್ತು. ಹೊಸ ಸೀರೆಯ ನೆರಿಗೆ ಹಿಡಿದುಕೊಂಡು ಹಿಂದೆ ಹೋದಳು.

ಆಮೇಲೆ ಎಲ್ಲ ಊರುಗಳೂ ಹಾಗೆಯೇ. ಹಂಪಿ, ಕಾಶಿ, ಈ ದೇಶಕ್ಕೆ ಬಂದ ಮೇಲೆ ರೊಟೊರುವಾ, ಕ್ವೀನ್ಸ್‌ಟೌನ್. ಅವನು ಕೆಟ್ಟವನಲ್ಲ. ದಾಟುವಾಗ ನಿಂತು ಕೈ ಹಿಡಿಯುತ್ತಿದ್ದ, ಚೀಲಗಳನ್ನು ತಾನೇ ಹೊರುತ್ತಿದ್ದ. ಆದರೆ ಮುಂದೆ ನಡೆಯುತ್ತಿದ್ದ. ಕಣ್ಣು ಮುಚ್ಚಿ ನೆನೆದರೆ ಅವಳಿಗೆ ಆ ಊರುಗಳಿಗಿಂತ ಮೊದಲು ಕಾಣುವುದು ಅವನ ಅಂಗಿಯ ಬೆನ್ನು. ಹಂಪಿಯಲ್ಲಿ ನೀಲಿ ಗೆರೆಯದು. ಕಾಶಿಯಲ್ಲಿ ಬೆವರಿನಿಂದ ಅಂಟಿಕೊಂಡ ಬಿಳಿಯದು.

ಮಗಳ ಕಾಲ್ ಮುಗಿದ ಮೇಲೆ ಶ್ರೀರಂಗ ಹೇಳಿದ, "ಒಂದು ಕೆಲಸ ಮಾಡೋಣ. ನಾನು ಮಾತಾಡ್ತೀನಿ, ನೀನು ಫೋನಲ್ಲಿ ರೆಕಾರ್ಡ್‌ಗೆ ಹಾಕಿಡು. ಅಲ್ಲಿ ಕಿವಿಗೆ ಸಿಗಿಸ್ಕೊಂಡು ನಡೆದ್ರೆ ಆಯ್ತು. ನಾನು ಜೊತೇಲಿದ್ದ ಹಾಗೇ ಇರುತ್ತೆ."

ಅವಳು ಫೋನನ್ನು ಅವನ ದಿಂಬಿನ ಪಕ್ಕ ಇಟ್ಟು ಗುಂಡಿ ಒತ್ತಿ, ಪಾತ್ರೆ ತೊಳೆಯಲು ಹೋದಳು.

ಮರುದಿನ ಆಫೀಸಿನಿಂದ ಬರುವಾಗ ಕಾರಿನಲ್ಲಿ ಅದನ್ನು ಹಾಕಿದಳು. ಟ್ರಾಫಿಕ್ಕು ಹೆಜ್ಜೆ ಹೆಜ್ಜೆಗೆ ನಿಲ್ಲುತ್ತಿತ್ತು. ಬಿಸಿಲು ಗಾಜಿನ ಮೂಲಕ ತೊಡೆಯ ಮೇಲೆ ಬೀಳುತ್ತಿತ್ತು. ಮುಖ ಕೆಳಗಿದ್ದುದರಿಂದ ಅವನ ದನಿ ಕೊಡದೊಳಗಿಂದ ಬಂದಂತಿತ್ತು.

"ಸ್ಟೇಷನ್ನಿಂದ ಆಚೆ ಬಂದ ತಕ್ಷಣ ಎದುರಿಗೇ ಗೋಡೆ ಕಾಣುತ್ತೆ, ಹುಲ್ಲಿನ ದಿಬ್ಬದ ಮೇಲೆ. ನೋಡ್ತಾ ನಿಂತ್ಕೋಬೇಡ, ಹಿಂದೆ ಬರೋರಿಗೆ ಅಡ್ಡ ಆಗುತ್ತೆ. ಬಲಕ್ಕೆ ತಿರುಗು. ಮಿಕಲ್‌ಗೇಟ್ ಬಾರ್ ಅಂತ ದೊಡ್ಡ ಬಾಗಿಲು. ಹಿಂದೆ ರಾಜದ್ರೋಹಿಗಳ ತಲೆ ಕಡಿದು ಅದರ ಮೇಲೆ ಸಿಗಿಸ್ತಿದ್ರಂತೆ, ನೀನು ಅದನ್ನೆಲ್ಲ ಓದಕ್ಕೆ ಹೋಗ್ಬೇಡ, ಆಮೇಲೆ ನಿದ್ದೆ ಬರಲ್ಲ ನಿಂಗೆ. ಅಲ್ಲಿ ಮೆಟ್ಟಿಲು ಹತ್ತು. ಊರು ನಿನ್ನ ಬಲಗಡೆ ಇರಬೇಕು, ಪ್ರದಕ್ಷಿಣೆ ಥರ. ಎಡಗಡೆ ಎದೆಮಟ್ಟ ಗೋಡೆ ಇದೆ. ಬಲಗಡೆ ಸುಮಾರು ಕಡೆ ಕಂಬಿ ಇಲ್ಲ, ಎಡಕ್ಕೆ ಒತ್ಕೊಂಡೇ ನಡಿ. ಹಿಮ ಕಟ್ಟಿದ್ರೆ ಗೋಡೆ ಮುಚ್ಚಿರ್ತಾರೆ, ಆಗ ವಾದ ಮಾಡ್ಬೇಡ, ವಾಪಸ್ ಬಾ. ನದಿ ದಾಟಿದ ಮೇಲೆ ಬೂಥಮ್ ಬಾರ್. ಅಲ್ಲಿಂದ ಮುಂದಿನ ಬಾಗಿಲ ತನಕ ಬಲಕ್ಕೆ ದೊಡ್ಡ ಚರ್ಚು ಕಾಣ್ತಾನೇ ಇರುತ್ತೆ. ಫೋಟೋ ಅಲ್ಲಿ ತೆಗಿ. ಈಗ್ಲೇ ತೆಗೀಬೇಡ, ಸ್ವಲ್ಪ ಮುಂದೆ ಹೋಗು. ಹಾಂ, ಅಲ್ಲಿ."

ವೇದಾ ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೇಳಿದಳು. ಇನ್ನೂ ನೋಡಿರದ ಊರು ಅವಳ ಮುಂದೆ ಮುಗಿದುಹೋಗುತ್ತಿತ್ತು. ಹನ್ನೆರಡು ಸಾವಿರ ಮೈಲಿ ಆಚೆ, ಗೋಡೆಯ ಮೇಲೂ, ಅದೇ ಬೆನ್ನು.

"ಆಮೇಲೆ ಒಂದು ಕಡೆ ಗೋಡೆ ನಿಂತುಹೋಗುತ್ತೆ. ಗಾಬರಿ ಆಗ್ಬೇಡ. ಆಗಿನ ಕಾಲಕ್ಕೆ ಅಲ್ಲಿ ನೀರು, ಜೌಗು. ಯಾರೂ ದಾಟಿ ಬರೋ ಹಾಗಿರ್ಲಿಲ್ಲ, ಅದಕ್ಕೆ ಕಟ್ಟೇ ಇಲ್ಲ. ಇಳಿದು ರಸ್ತೇಲೇ ನಡೀಬೇಕು. ಇಲ್ಲಿ ನೀನು..."

ದನಿ ನಿಂತಿತು. ರೆಕಾರ್ಡಿಂಗ್ ಮುಗಿಯಿತೇನೋ ಎಂದು ಅವಳು ಫೋನಿನತ್ತ ನೋಡಿದಳು. ಮುಗಿದಿರಲಿಲ್ಲ, ಓಡುತ್ತಲೇ ಇತ್ತು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ದೂರದಲ್ಲಿ ನಲ್ಲಿಯ ನೀರಿನ ಸದ್ದು, ತಟ್ಟೆಗೆ ತಟ್ಟೆ ತಾಗಿದ ಸದ್ದು. ತಾನೇ. ನಿನ್ನೆ ರಾತ್ರಿಯ ತಾನು, ಪಾತ್ರೆ ತೊಳೆಯುತ್ತಿರುವವಳು. ಒಂದು ಪಾತ್ರೆಯಾದ ಮೇಲೆ ಇನ್ನೊಂದು, ನಡುವೆ ಆತುರವೂ ಇಲ್ಲ, ಬಿಡುವೂ ಇಲ್ಲ. ಹೀಗೆ ಕೇಳಿಸುತ್ತದೆಯೇ ತನ್ನ ಸದ್ದು ಎಂದು ಅವಳಿಗೆ ಅನಿಸಿತು. ಅದರ ಈಚೆಗೆ, ಹತ್ತಿರದಲ್ಲಿ, ಶ್ರೀರಂಗ ಒಮ್ಮೆ ಮೂಗೆಳೆದುಕೊಂಡ. ಸ್ವಲ್ಪ ತಡೆದು ಇನ್ನೊಮ್ಮೆ.

ಮುಖ ಕೆಳಗಿದ್ದರೆ ಕಣ್ಣೀರು ಕೆನ್ನೆಗೆ ಬರುವುದಿಲ್ಲ, ನೇರ ನೆಲಕ್ಕೆ ಬೀಳುತ್ತದೆ. ಬೆಳಿಗ್ಗೆ ಮಾಪ್ ಹಾಕುವಾಗ ಅವಳು ಗಮನಿಸಿರಲಿಲ್ಲ.

"ಇಲ್ಲಿ ನೀನು ನೆಲದಲ್ಲಿರೋ ಲೋಹದ ಬಿಲ್ಲೆ ನೋಡ್ಕೊಂಡು ಹೋಗು," ಎಂದು ದನಿ ಮತ್ತೆ ಶುರುವಾಯಿತು. ಅವಳು ನಿಲ್ಲಿಸಿದಳು.

ಹೆದ್ದಾರಿಯಿಂದ ಇಳಿದು ಮೊದಲು ಸಿಕ್ಕ, ಇಲ್ಲಿಯವರು ಡೈರಿ ಎನ್ನುವ ಚಿಲ್ಲರೆ ಅಂಗಡಿಯ ಮುಂದೆ ಕಾರು ನಿಲ್ಲಿಸಿದಳು. ಏನೂ ಕೊಳ್ಳಬೇಕಿರಲಿಲ್ಲ. ಎಂಜಿನ್ ಆರಿಸಿದ ಮೇಲೆ ಕಾರಿನೊಳಗೆ ಯಾವ ಸದ್ದೂ ಉಳಿಯಲಿಲ್ಲ. ಯಾರೂ ಯಾವ ಕಡೆಗೂ ತಿರುಗು ಎನ್ನಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಸುಸ್ತು ಅಲ್ಲಿಯೇ ಇತ್ತು, ಹೆಗಲ ಮೇಲೆ, ಕಣ್ಣಿನ ಹಿಂದೆ. ಆದರೆ ಇಷ್ಟು ದಿನ ಅದನ್ನು ಹೊತ್ತುಕೊಂಡೇ ಯಾರ ಹಿಂದೆಯೋ ಓಡುತ್ತಿದ್ದಳು. ಈಗ ಅದನ್ನು ಪಕ್ಕದ ಸೀಟಿಗೆ ಇಳಿಸಿ ಕೂತಂತಾಯಿತು.

ಹರ್ಷವರ್ಧನ್‌ಗೆ ಫೋನ್ ಮಾಡಿದಳು. "ಒಂದು ರದ್ದು ಮಾಡಪ್ಪ. ಅವರದ್ದು."

"ನಿಮ್ಮದು ಹಾಗೇ ಇರ್ಲಾ ಆಂಟಿ? ಅಸಿಸ್ಟೆನ್ಸ್ ಹಾಕ್ಲಾ? ಏರ್‌ಪೋರ್ಟಲ್ಲಿ ಯಾರಾದ್ರೂ ಬಂದು ಕರ್ಕೊಂಡು ಹೋಗ್ತಾರೆ."

"ಬೇಡ," ಎಂದಳು. ಫೋನಿಟ್ಟು ಕಾರು ಹೊರಡಿಸಿದಳು.

ಮನೆಗೆ ಬಂದಾಗ ಶ್ರೀರಂಗ ದಿಂಬಿನಿಂದ ಎದ್ದು, ತಲೆ ತಗ್ಗಿಸಿ ನಿಂತಿದ್ದ. ಕಾಲು ಸೆಟೆದುಕೊಂಡಿದೆ, ಸ್ವಲ್ಪ ಆಚೆ ಹೋಗಿಬರೋಣ ಎಂದ. ಫ್ಲ್ಯಾಟ್ ಬುಷ್‌ನ ಅವರ ಬೀದಿಯ ಕೊನೆಗೆ ಒಂದು ತೊರೆ, ಅದರ ಪಕ್ಕ ಸಿಮೆಂಟಿನ ಕಾಲುದಾರಿ. ಬೇಸಿಗೆಯ ಬೆಳಕು ಇನ್ನೂ ಇತ್ತು. ದಿನವೂ ಇಬ್ಬರೂ ನಡೆಯುವ ದಾರಿಯೇ, ಅವನು ಮುಂದೆ, ಅವಳು ಹಿಂದೆ.

ಗೇಟಿನ ಬಳಿ ಅವನು ಅಭ್ಯಾಸದಂತೆ ಮುಂದೆ ಹೆಜ್ಜೆ ಹಾಕಿದ, ನಿಂತ. ಮುಂದಿರುವುದು ಅವನಿಗೆ ಕಾಣುವಂತಿರಲಿಲ್ಲ.

"ನೀನು ನಡಿ," ಎಂದ. "ನಾನು ನಿನ್ನ ಕಾಲು ನೋಡ್ಕೊಂಡು ಬರ್ತೀನಿ."

ವೇದಾ ಮುಂದೆ ನಡೆದಳು. ಬೆನ್ನ ಹಿಂದೆ ಅವನ ಬೂಟಿನ ಸದ್ದು, ಅನುಮಾನದ ಸದ್ದು. ತೊರೆಯ ಬಳಿ ಎರಡು ಪುಕೆಕೊ ಹಕ್ಕಿಗಳು ಕೆಂಪು ಕಾಲೆತ್ತಿ ಹುಲ್ಲಿನಲ್ಲಿ ಹೋಗುತ್ತಿದ್ದವು. ಅವಳು ಅವನ್ನು ತೋರಿಸಲಿಲ್ಲ, ತೋರಿಸಿದರೂ ಅವನಿಗೆ ಕಾಣದು.

"ನನ್ನ ಟಿಕೆಟ್ ಇಟ್ಕೊಂಡೆ ರೀ. ನಿಮ್ದು ಮಾತ್ರ ರದ್ದು ಮಾಡ್ಸಿದೆ."

"ಒಳ್ಳೇದಾಯ್ತು." ಎರಡು ಹೆಜ್ಜೆ. "ಕೇಳಿದ್ಯಾ ರೆಕಾರ್ಡಿಂಗು?"

"ಕೇಳ್ದೆ."

"ಪೂರ್ತಿ?"

"ಗೋಡೆ ನಿಂತುಹೋಗೋ ತನಕ."

ಬೂಟಿನ ಸದ್ದು ಸ್ವಲ್ಪ ಹಿಂದೆ ಬಿತ್ತು. ಅವಳು ತಿರುಗದೆ ಹೆಜ್ಜೆ ನಿಧಾನ ಮಾಡಿದಳು, ಸದ್ದು ಮತ್ತೆ ಹತ್ತಿರ ಬರುವ ತನಕ.

"ಅಲ್ಲಿ ಅದನ್ನ ಹಾಕ್ಕೊಳಲ್ಲ ನಾನು," ಎಂದಳು. "ಬೇಜಾರು ಮಾಡ್ಕೋಬೇಡಿ. ನಿಂತು ನೋಡ್ಬೇಕು ಅನ್ಸಿದ್ರೆ ನಿಲ್ತೀನಿ. ಹಿಂದೆ ಬರೋರು ಪಕ್ಕದಲ್ಲಿ ಹೋಗ್ಲಿ."

"ತಪ್ಪಿಸ್ಕೊಂಡ್ರೆ?"

"ಗೋಡೆ ಅಲ್ವೇನ್ರೀ. ಸುತ್ತಿ ಅಲ್ಲಿಗೇ ಬರುತ್ತೆ."

ಅವನು ಮೂಗಿನಲ್ಲೇ ನಕ್ಕ. ತೊರೆಯ ನೀರು ಕಡಿಮೆಯಿತ್ತು. ವೇದಾ ಕಾಯುತ್ತಿದ್ದಳು, ಕಂಬಿ ಇಲ್ಲದ ಕಡೆ ಎಡಕ್ಕೆ ಒತ್ಕೊಂಡು ನಡಿ ಎಂಬ ಮಾತಿಗಾಗಿ. ಅದು ಬರಲಿಲ್ಲ.

"ವೇದಾ."

"ಹೂಂ."

"ನಿನ್ನ ಹಿಮ್ಮಡಿ ಹೀಗೆ ಒಡೆದಿದೆಯಲ್ಲೇ."

"ಹತ್ತು ವರ್ಷ ಆಯ್ತು."

"ಚಳಿಗೆ ರಕ್ತ ಬರುತ್ತೆ. ಏನಾದ್ರೂ ಹಚ್ಚು. ದಪ್ಪ ಕಾಲುಚೀಲ ಇಟ್ಕೋ."

"ಇಟ್ಕೋತೀನಿ."

ದಾರಿ ಕವಲೊಡೆಯುವ ಜಾಗ ಬಂತು. ಬಲಕ್ಕೆ ಮರದ ಸೇತುವೆ. ಅವರು ದಿನವೂ ದಾಟಿ ಮನೆಗೆ ತಿರುಗುತ್ತಿದ್ದುದು ಅಲ್ಲಿಯೇ. ಎಡಕ್ಕೆ ಹೊಸ ಮನೆಗಳು ಏಳುತ್ತಿರುವ ಕಡೆ ಹೋಗುವ ದಾರಿ, ಅದು ಎಲ್ಲಿ ಮುಟ್ಟುತ್ತದೋ ಅವಳಿಗೆ ತಿಳಿಯದು. ಅವಳು ನಿಂತಳು. ಹಿಂದೆ ಬೂಟುಗಳೂ ನಿಂತವು.

"ಯಾವ ಕಡೆ?" ಎಂದು ಶ್ರೀರಂಗ ಕೇಳಿದ, ಅವಳ ಕಾಲನ್ನೇ ನೋಡುತ್ತ.

"ತಡೀರಿ," ಎಂದಳು ವೇದಾ. "ನೋಡ್ತಾ ಇದೀನಿ."