ಕುನ್ನಿಗಿಟ್ಟ ಹೆಸರು

ಮಹಾರಾಷ್ಟ್ರ ಬೇರೆ ರಾಜ್ಯವಾದ ಮರುವರ್ಷ, ವೈಶಾಖದ ಒಂದು ಇಳಿಹೊತ್ತು, ಹಾಲಸಿದ್ದ ಕುರಿಹಿಂಡು ಹೊಡೆದುಕೊಂಡು ಊರಿಗೆ ಮರಳಿದ. ಗಡಹಿಂಗ್ಲಜದ ಕಡೆಯ ಆ ಊರಿನ ಕುರುಬರು ದೀಪಾವಳಿ ಮುಗಿದ ಮೇಲೆ ಹಿಂಡು ಕಟ್ಟಿಕೊಂಡು ಕುರುಂದವಾಡದ ದಿಕ್ಕಿಗೆ ಹೋಗುವುದು, ಅಲ್ಲಿನ ಎರೆಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಸಿ ಕಾಳುಕಡಿ ಪಡೆಯುವುದು, ಮಳೆಗೆ ಮುಂಚೆ ತಿರುಗಿ ಬರುವುದು ಹಿಂದಿನಿಂದ ನಡೆದುಬಂದದ್ದು. ಹಾಲಸಿದ್ದನ ಮನೆಯಿಂದ ಆ ವರ್ಷ ಅಣ್ಣ ತಮ್ಮ ಇಬ್ಬರೂ ಹೋಗಿದ್ದರು. ಬಂದವನು ತಮ್ಮ ಒಬ್ಬನೇ.

ಅಣ್ಣ ಗುಂಡು ಸಂಕ್ರಾಂತಿಯ ಮುಂದೆ ಜ್ವರ ಬಂದು ಮಲಗಿದ್ದ. ಕೊಲ್ಹಾಪುರದ ದವಾಖಾನೆಗೆ ಒಯ್ಯೋಣವೆಂದು ಹೊಲದ ಒಡೆಯ ಜಿನಪಾಲ ಗಾಡಿ ಕಟ್ಟಿಸುವಷ್ಟರಲ್ಲಿ ಜೀವ ಹೋಗಿತ್ತು. ಸುದ್ದಿ ತಿಳಿದು ತಾಯಿ ಹಣಮವ್ವನೂ ಹೆಂಡತಿ ಯಮುನವ್ವನೂ ಮೋಟಾರು ಹತ್ತಿ ಅಲ್ಲಿಗೆ ಮುಟ್ಟಿದಾಗ ಎಲ್ಲ ಮುಗಿದು ಬದುವಿನ ಮಗ್ಗುಲಲ್ಲಿ ಹಸಿ ಮಣ್ಣಿನ ದಿಬ್ಬವೊಂದು ಕಂಡಿತಷ್ಟೆ. ಯಮುನವ್ವ ಗಂಡನ ಮುಖ ನೋಡಲಿಲ್ಲ. ಮಕ್ಕಳೂ ಆಗಿರಲಿಲ್ಲ. ತವರಿನ ಅಣ್ಣ ಕರೆಯಲು ಬಂದಿದ್ದ, ಆಕೆ ಹೋಗಲಿಲ್ಲ. ಯಾಕೆ ಹೋಗಲಿಲ್ಲವೆಂದು ಕೇಳಿದರೆ ಆಕೆಗೆ ಹೇಳಲು ಬರುತ್ತಿರಲಿಲ್ಲ. ಇರುವಲ್ಲಿಯೇ ಇದ್ದಳು.

ಹಾಲಸಿದ್ದ ಕಟ್ಟೆಗೆ ಕೂತು, ಹೆಗಲ ಮೇಲಿನ ಕಂಬಳಿಯ ಮಡಿಕೆಯಿಂದ ಒಂದು ನಾಯಿಮರಿಯನ್ನು ತೆಗೆದು ನೆಲಕ್ಕೆ ಬಿಟ್ಟ. ಕರೀ ಮೈ, ಕೊರಳಲ್ಲಿ ಬಿಳಿ. ಹಿಂಡಿನ ಹೆಣ್ಣುನಾಯಿ ಅಲ್ಲಿಯೇ, ಜಿನಪಾಲನ ಹೊಲದಲ್ಲಿ ಈದಿತ್ತು. ಬರುವ ದಾರಿಯಲ್ಲಿ ಲಾರಿಯ ಗಾಲಿಗೆ ಸಿಕ್ಕು ತಾಯಿ ಸತ್ತು, ಉಳಿದದ್ದು ಇದೊಂದೇ ಕುನ್ನಿ. ಅದು ನಡುಗುವ ಕಾಲಲ್ಲಿ ಎದ್ದು ಎಲ್ಲರ ಪಾದಗಳನ್ನೂ ಮೂಸಿ ನೋಡಿತು.

"ವಾಘ್ಯಾ ಅನ್ನೂನು," ಎಂದ ಹಾಲಸಿದ್ದ. "ಹಿಂಡು ಕಾಯೂ ನಾಯಿಗೆ ಹುಲಿ ಹೆಸರ ಛಲೋ."

ಅವನ ಹೆಂಡತಿ ಬಾಳಕ್ಕ ಬಗ್ಗಿ ಮರಿಯ ಕೊರಳು ಸವರಿದಳು. "ಇಲ್ಲಿ ಮುತ್ತಿನಂಗ ಬಿಳಿ ಐತಿ ನೋಡ್ರಿ. ಮೋತ್ಯಾ ಅಂದ್ರ ಒಪ್ಪತೈತಿ."

ಹಣಮವ್ವ ಬಾಗಿಲ ಕಂಬಕ್ಕೆ ಒರಗಿ ಕೂತಿದ್ದಳು. ಮಗ ಹೋದಂದಿನಿಂದ ಆಕೆ ಹೆಚ್ಚು ಮಾತಾಡಿದವಳಲ್ಲ. "ಗುಂಡ್ಯಾ ಅನ್ರಿ," ಎಂದಳು.

ಹಾಲಸಿದ್ದ ತಾನು ಕೇಳಿದ್ದು ಸರಿಯೇ ಎಂಬಂತೆ ಹೆಂಡತಿಯ ಮುಖ ನೋಡಿದ. ಆಮೇಲೆ, "ಯವ್ವಾ, ನಾಯಿಗೆ ಅಣ್ಣನ ಹೆಸರು ಇಡ್ತಾರೇನ? ಮಂದಿ ಮಾರಿ ಮ್ಯಾಲೆ ಉಗಳ್ತಾರ," ಎಂದ.

"ಉಗಳ್ಳಿ. ಹಡದಾಕಿ ನಾನು. ಅಂವ ಹುಟ್ಟಿದಾಗಿಂದ ದಿನಾ ಸಂಜಿಕ ಆ ಹೆಸರ ಕೂಗೀನಿ. ಈಗ ಸಂಜಿ ಆದ್ರ ಬಾಯಿ ತೆರೀತೈತಿ, ಕೂಗಾಕ ಯಾರೂ ಇಲ್ಲ. ಹೆಸರ ಇಡಾಕ ಅವಂಗೊಂದು ಮಗಾ ಇಲ್ಲ." ಹಣಮವ್ವ ಕೈ ಚಾಚಿ ಕುನ್ನಿಯನ್ನು ಉಡಿಗೆ ಎಳೆದುಕೊಂಡಳು. "ನನ್ನ ಬಾಯಾಗಿಂದ ಆ ಹೆಸರ ತೆಗೀಬ್ಯಾಡೋ, ಹಾಲ್ಯಾ."

ಹಾಲಸಿದ್ದ ತಲೆ ತಗ್ಗಿಸಿದ. ಆ ಹೆಸರು ಆಗಬಹುದೋ ಬೇಡವೋ ಎಂದು ಯಮುನವ್ವನನ್ನು ಯಾರೂ ಕೇಳಲಿಲ್ಲ. ಆಕೆ ಒಳಗೆ ಹೋಗಿ, ಮಾವನ ಕಾಲದ ತಾಮ್ರದ ಹಂಡೆಗೆ ನೀರು ತುಂಬತೊಡಗಿದಳು.

ಗಂಡನ ಹೆಸರನ್ನು ಬಾಯಲ್ಲಿ ತೆಗೆಯುವ ರೂಢಿ ಅವರಲ್ಲಿರಲಿಲ್ಲ. ಅವರು, ಇವರು, ನಮ್ಮ ಮನಿಯವರು ಎಂದೇ ಸಂಸಾರ ಸಾಗಬೇಕು. ಯಮುನವ್ವ ಆ ಹೆಸರನ್ನು ಹೇಳಿದ್ದು ಒಡಪಿನಲ್ಲಿ ಮಾತ್ರ. ಮದುವೆಯಾಗಿ ಹೊಸ್ತಿಲು ದಾಟುವಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳಿದರೇ ಒಳಗೆ ಬಿಡುತ್ತೇವೆಂದು ಕಾಡಿದ್ದರು. ಆಗ, ಆಮೇಲೆ ಬಸುರಿಯರ ಒಂದೆರಡು ಕುಬಸದ ಮನೆಗಳಲ್ಲಿ, ಹೂವು ಹಣ್ಣುಗಳ ಪ್ರಾಸದ ನಡುವೆ ಹೆಸರನ್ನು ಅಡಗಿಸಿ, ಒಂದೇ ಉಸಿರಿಗೆ ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಹೆಂಗಸರ ನಗೆಯಲ್ಲಿ ಅದು ಆಕೆಗೇ ನೆಟ್ಟಗೆ ಕೇಳಿಸಿರಲಿಲ್ಲ. ಇನ್ನು ಗಂಡನಿಲ್ಲದವಳಿಗೆ ಒಡಪು ಹೇಳೆಂದು ಯಾರೂ ಕೇಳುವವರಿಲ್ಲ.

ಅಂದಿನಿಂದ ದಿನವೂ ಕತ್ತಲಾಗುವ ಮುನ್ನ ಹಣಮವ್ವ ಬಾಗಿಲಲ್ಲಿ ನಿಂತು ಕೂಗುವಳು: "ಗುಂಡ್ಯಾ, ಏ ಗುಂಡ್ಯಾ, ಉಣ್ಣಾಕ ಬಾರೋ." ಧ್ವನಿ ಅದೇ, ಎಳೆಯುವ ರಾಗವೂ ಅದೇ. ಮೊದಲ ದಿನ ಯಮುನವ್ವ ಒಲೆಯ ಮುಂದಿನಿಂದ ಎದ್ದು ತಾಟು ತೊಳೆಯಲು ಹೋಗಿಬಿಟ್ಟಿದ್ದಳು. ತಾಟು ಕೈಯಲ್ಲಿ ಹಿಡಿದು ನಿಂತಾಗ ಕುನ್ನಿ ಹೊಸ್ತಿಲ ಹೊರಗೆ ಬಾಲ ಅಲ್ಲಾಡಿಸುತ್ತಿರುವುದು ಕಂಡಿತು. ಆಮೇಲಾಮೇಲೆ ಏಳುವುದು ನಿಂತಿತು. ಆದರೆ ಕೂಗು ಕೇಳಿದಾಗಲೆಲ್ಲ ರೊಟ್ಟಿ ತಟ್ಟುವ ಕೈ ನಿಲ್ಲುತ್ತಿತ್ತು. ಆ ಕುನ್ನಿಯನ್ನು ಕಂಡರೆ ಆಕೆಗೆ ಸಿಟ್ಟು. ಹತ್ತಿರ ಬಂದರೆ ಕಾಲಿನಿಂದ ಸರಿಸುವಳು. ಕರೆಯಲೇಬೇಕಾದರೆ "ಯೂ ಯೂ" ಎನ್ನುವಳು.

ಊರವರು ಮೊದಮೊದಲು ಆಡಿಕೊಂಡರು. ಮುದುಕಿಗೆ ತಲೆ ಕೆಟ್ಟಿದೆಯೆಂದರು. ನಾಲ್ಕು ದಿನ ಕಳೆಯಲು ಅವರಿಗೂ ರೂಢಿಯಾಗಿ ಸುಮ್ಮನಾದರು.

ಮಳೆ ಹಿಡಿಯಿತು. ಹಾಲಸಿದ್ದ ಬಿತ್ತನೆಗೆ ಹತ್ತಿದ. ಬಾಳಕ್ಕನಿಗೆ ಮೈಯಲ್ಲಿ ನೆಟ್ಟಗಿರಲಿಲ್ಲ. ಕುರಿಗಳನ್ನು ಗುಡ್ಡಕ್ಕೆ ಹೊಡೆಯುವ ಕೆಲಸ ಯಮುನವ್ವನಿಗೆ ಬಂತು. ಕಂಬಳಿಯ ಕೊಪ್ಪೆ ಹಾಕಿಕೊಂಡು, ರೊಟ್ಟಿ ಕಟ್ಟಿಕೊಂಡು ಹೊರಟರೆ ಕುನ್ನಿ ಹಿಂದೆಯೇ ಬರುತ್ತಿತ್ತು. ಬೇಡವೆಂದು ಕಲ್ಲು ತೋರಿಸಿದರೆ ಸ್ವಲ್ಪ ದೂರ ನಿಂತು ಮತ್ತೆ ಬರುವುದು.

ಶ್ರಾವಣದಲ್ಲಿ ಒಂದು ದಿನ ಗುಡ್ಡದ ಮೇಲೆ ಮಂಜು ಇಳಿದು ಕೈ ಚಾಚಿದರೆ ಕೈ ಕಾಣದಂತಾಯಿತು. ಮಳೆ ಬಿರುಸಾಯಿತು. ಯಮುನವ್ವ ಹಿಂಡನ್ನು ಬಂಡೆಯ ಮರೆಗೆ ಒತ್ತಿ ನಿಲ್ಲಿಸಿದಳು. ಎಣಿಸಿ ನೋಡಿದರೆ ಕುರಿ ಸರಿ ಇದ್ದವು, ಕುನ್ನಿ ಇರಲಿಲ್ಲ. ಮುಂಗುಸಿಯೊಂದರ ಬೆನ್ನು ಹತ್ತಿ ಹಳ್ಳದ ಕಡೆ ಓಡಿದ್ದನ್ನು ಆಕೆಯೇ ನೋಡಿದ್ದಳು. ಹಳ್ಳದ ಸದ್ದು ಏರುತ್ತಿತ್ತು.

"ಯೂ ಯೂ," ಎಂದಳು. ಮತ್ತೂ ಎಂದಳು. ಮಳೆಯ ಸದ್ದಿನಲ್ಲಿ ಆ ಕರೆ ಹತ್ತು ಮಾರು ಹೋಗುವಂತಿರಲಿಲ್ಲ. ದೂರದಲ್ಲಿ ಎಲ್ಲೋ ಕುಂಯ್ ಎಂದಂತಾಯಿತು. ದಿಕ್ಕು ತಪ್ಪಿದ ಮರಿ ನೀರಿಗೆ ಇಳಿಯುತ್ತದೆ ಎಂದು ಆಕೆಗೆ ಗೊತ್ತು. ಗುಡ್ಡದಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದೂ ಯಮುನವ್ವ ಒಮ್ಮೆ ಸುತ್ತ ನೋಡಿದಳು. ಬಾಯಿ ತೆರೆದಳು, ಧ್ವನಿ ಬರಲಿಲ್ಲ. ಮತ್ತೆ ತೆರೆದಳು.

"ಗುಂಡೂ."

ತನ್ನ ಧ್ವನಿ ತನಗೇ ಬೇರೆಯವರದೆನ್ನಿಸಿತು. ಇನ್ನೊಮ್ಮೆ ಜೋರಾಗಿ ಕೂಗಿದಳು. "ಗುಂಡೂ, ಬಾ. ಇತ್ತ ಬಾ, ಗುಂಡೂ." ಕೂಗುತ್ತ ಹೋದಂತೆ ಕೊರಳು ಸಡಿಲಾಯಿತು. ಮಂಜಿನೊಳಗಿಂದ ಕೆಸರು ಮೆತ್ತಿದ ಕರೀ ಮುದ್ದೆಯೊಂದು ಉರುಳಿದಂತೆ ಬಂದು ಆಕೆಯ ಕಾಲಿಗೆ ಬಿತ್ತು. ಕುನ್ನಿಯನ್ನು ಕೊಪ್ಪೆಯೊಳಗೆ ಎಳೆದುಕೊಂಡು ಯಮುನವ್ವ ಬಂಡೆಯ ಬುಡದಲ್ಲಿ ಕೂತಳು. ಗಂಡ ಸತ್ತಾಗ ಎಲ್ಲರ ನಡುವೆ ಅತ್ತಿದ್ದಳು; ಒಬ್ಬಳೇ ಅತ್ತಿರಲಿಲ್ಲ. ಅವತ್ತು ಮಳೆ ನಿಲ್ಲುವ ತನಕ ಅತ್ತಳು.

ಆಮೇಲೆ ಗುಡ್ಡ ಹತ್ತಿದರೆ ಸಾಕು, ಬೇಕಿದ್ದರೂ ಬೇಡದಿದ್ದರೂ ಕರೆಯತೊಡಗಿದಳು. ರೊಟ್ಟಿ ಬಿಚ್ಚಿದಾಗ ಕರೆಯುವಳು, ಕುರಿ ಹಳ್ಳ ದಾಟುವಾಗ ಕರೆಯುವಳು. ನಾಯಿ ಪಕ್ಕದಲ್ಲೇ ಮಲಗಿದ್ದರೂ ಮೆಲ್ಲಗೆ ಒಮ್ಮೆ ಕರೆದು ಸುಮ್ಮನಾಗುವಳು. ಅದು ಕಿವಿಯೊಂದನ್ನು ಎತ್ತಿ ಮತ್ತೆ ಇಳಿಸುವುದು. ಗಂಡನೊಡನೆ ಬದುಕಿದ್ದಷ್ಟು ಕಾಲ ಅವನು ಆಕೆಯನ್ನು "ಯಮುನಾ" ಎಂದು ಕರೆಯುತ್ತಿದ್ದ. ಆಕೆ ಬಳೆ ಸದ್ದು ಮಾಡಿಯೋ, ಕೆಮ್ಮಿಯೋ ಅವನನ್ನು ತಿರುಗಿಸುತ್ತಿದ್ದಳು. ಅದು ಈಗ ದೊಡ್ಡ ಲುಕ್ಸಾನಿನಂತೆ ಕಾಣಿಸಿತು.

ಒಂದು ಸಂಜೆ ಹಣಮವ್ವ ರೊಟ್ಟಿ ತಟ್ಟುವ ಸೊಸೆಯ ಬಳಿ ಬಂದು ಕೂತಳು. "ಇವತ್ತ ಕಟಗಿಗೆ ಗುಡ್ಡದ ಬುಡಕ ಬಂದಿದ್ದೆ. ನೀ ಕರಿಯೂದು ಕೇಳಿಸ್ತು," ಎಂದಳು.

ಯಮುನವ್ವನ ಕೈ ಹಿಟ್ಟಿನಲ್ಲೇ ಉಳಿಯಿತು. "ತಪ್ಪಾತ್ರಿ, ಅತ್ತಿ."

"ತಪ್ಪಲ್ಲ." ಮುದುಕಿ ಒಲೆಗೆ ಕಟ್ಟಿಗೆಯೊಂದನ್ನು ಒಳಗೆ ತಳ್ಳಿದಳು. "ನಾ ಆ ಹೆಸರ ಇಟ್ಟದ್ದು ನನ್ನ ಸಲುವಾಗಿ. ಆವಾಗ ನೀ ನೆನಪಾಗಲಿಲ್ಲ ನನಗ. ಮನ್ಯಾಗ ಕರೀಬ್ಯಾಡ, ಹಾಲ್ಯಾ ಸಿಟ್ಟಾಗತಾನ. ಗುಡ್ಡದ ಮ್ಯಾಲ ಕರಿ."

ಆ ವರ್ಷ ಒಬ್ಬನೇ ಕುರುಂದವಾಡಕ್ಕೆ ಹೋಗಲು ಮನಸ್ಸಾಗದೆ ಹಾಲಸಿದ್ದ ಊರ ಸುತ್ತಲಿನ ಹೊಲಗಳಲ್ಲೇ ಕುರಿ ಕೂಡಿಸಿದ. ಚೈತ್ರದಲ್ಲಿ ಬಾಳಕ್ಕ ಗಂಡುಮಗು ಹಡೆದಳು. ಏನು ಹೆಸರೆಂದು ಕೇಳುವ ಮಾತೇ ಬರಲಿಲ್ಲ. ಮನೆಯ ಹಿರಿಮಗ ತಿರುಗಿ ಬಂದನೆಂದು ಹಣಮವ್ವ ಮಗುವಿನ ಪಾದಗಳನ್ನು ಕಣ್ಣಿಗೆ ಒತ್ತಿಕೊಂಡಳು. ತೊಟ್ಟಿಲಿಗೆ ಹಾಕುವ ದಿನ ಮುತ್ತೈದೆಯರು ತೊಟ್ಟಿಲು ಸುತ್ತಿ ನಿಂತರು. ಅಡಿಗೆಮನೆಯಲ್ಲಿ ಗುಗ್ಗರಿ ಬೇಯಿಸುತ್ತಿದ್ದ ಯಮುನವ್ವನಿಗೆ, "ಗುಂಡು, ಗುಂಡು," ಎಂದು ಅವರು ಮಗುವನ್ನು ಕರೆಯುವುದು ಅಲ್ಲಿಗೇ ಕೇಳಿಸಿತು.

ಜನ ಹೋದ ಮೇಲೆ ಹಣಮವ್ವ ಹೇಳಿದಳು: "ನೀ ಕೂಸಿಗೆ ಬಾಳ್ಯಾ ಅನ್ನು. ಗಂಡನ ಹೆಸರ ನೀ ಹೆಂಗ ಅಂತಿ. ನಾಯಿಗೆ ಬ್ಯಾರೆ ಹೆಸರ ಇಟ್ಟರಾತು." ಹಗುರವಾಗಿಯೇ ಹೇಳಿದಳು, ಬಹಳ ದಿನಗಳ ಮೇಲೆ ಆಕೆಯ ಮುಖದಲ್ಲಿ ಕಳೆ ಬಂದಿತ್ತು.

ಬಾಳಕ್ಕನಿಗೆ ಏನೋ ಅನ್ನಿಸಿರಬೇಕು. "ನೀನ ಇಡಕ್ಕಾ ಹೆಸರು. ನಿನ್ನ ಹಿಂದ ತಿರಗೂ ನಾಯಿ ಅದು," ಎಂದಳು.

ಯಮುನವ್ವ ಗುಡ್ಡದ ಮೇಲೆ ಕೂತು ನೋಡಿದಳು. ಕಾಳ್ಯಾ ಎಂದಳು, ರಾಜ್ಯಾ ಎಂದಳು. ನಾಯಿ ಯಾವುದೋ ದಿಕ್ಕಿಗೆ ಮುಖ ಮಾಡಿ ಮಲಗಿತ್ತು. ಯಾವ ಹೆಸರೂ ಬಾಯಲ್ಲಿ ನಿಲ್ಲಲಿಲ್ಲ. ಏನಿಟ್ಟೆ ಎಂದು ಬಾಳಕ್ಕ ಎರಡು ಸಲ ಕೇಳಿ ಬಿಟ್ಟಳು. ಕಡೆಗೆ ಹಾಲಸಿದ್ದನೇ, ತಾನು ಮೊದಲು ಅಂದಿದ್ದಂತೆ, ವಾಘ್ಯಾ ಎಂದು ಗೊತ್ತುಮಾಡಿದ.

ನಾಯಿಗೆ ಅದು ತಿಳಿಯಲಿಲ್ಲ. ಹಣಮವ್ವ ತೊಟ್ಟಿಲ ಬಳಿ ಕೂತು "ಗುಂಡ್ಯಾ, ನನ ಗುಂಡ್ಯಾ," ಎಂದು ಮುದ್ದಾಡಿದರೆ ಹೊರಗಿನಿಂದ ಹೊಸ್ತಿಲು ಜಿಗಿದು ಓಡಿ ಬರುತ್ತಿತ್ತು. ಹಾಲಸಿದ್ದ ಬಡಿಗೆ ಹಿಡಿಯುತ್ತಿದ್ದ. ಹೊಡೆತ ತಿಂದು ಹೋದರೂ ಮರುದಿನ ಹೆಸರು ಕೇಳಿದೊಡನೆ ಮತ್ತೆ ಹಾಜರು. ಒಂದು ದಿನ ಹಾಗೆ ನುಗ್ಗಿ ಬಂದು ತೊಟ್ಟಿಲಿಗೆ ಮುಂಗಾಲು ಇಟ್ಟಿತು. ತೊಟ್ಟಿಲು ವಾಲಿ ಮಗು ಚೀರಿತು. ಪೆಟ್ಟೇನೂ ಆಗಿರಲಿಲ್ಲ. ಆದರೆ ಹಣಮವ್ವ ಒಲೆಯ ಬಳಿಯ ಕಟ್ಟಿಗೆ ಕಸಿದು ಬೀಸಿ ಒಗೆದಳು. ನಾಯಿ ಕುಂಟುತ್ತ ಹೊರಗೋಡಿತು. ಅದನ್ನು ಉಡಿಗೆ ಎಳೆದುಕೊಂಡು ಹೆಸರಿಟ್ಟವಳು ಆಕೆಯೇ ಎಂಬುದು ಆ ಹೊತ್ತಿನಲ್ಲಿ ಯಾರಿಗೂ ನೆನಪಿದ್ದಂತಿರಲಿಲ್ಲ.

ಅದೇ ವಾರ ಮಗುವನ್ನು ನೋಡಲು ಸಿದ್ದರಾಯ ಬಂದ. ಹಣಮವ್ವನಿಗೆ ದೂರದ ತಮ್ಮನಾಗಬೇಕು. ಇಚಲಕರಂಜಿಯ ಒಂದು ಮಗ್ಗದ ಕಾರಖಾನೆಯಲ್ಲಿ ಕಾವಲಿನ ಕೆಲಸ. ಹಾಲಸಿದ್ದ ಅವನೆದುರು ನಾಯಿಯ ಮಾತು ತೆಗೆದ. ಕಾರಖಾನೆಗೆ ಒಂದು ನಾಯಿ ಬೇಕೇ ಇದೆಯೆಂದ ಸಿದ್ದರಾಯ. ಊಟವಾದ ಮೇಲೆ ಅದರ ಕೊರಳಿಗೆ ಹಗ್ಗ ಬಿತ್ತು.

"ಏನಂತ ಕರೀತೀರಿ ಇದಕ್ಕ?"

"ವಾಘ್ಯಾ," ಎಂದ ಹಾಲಸಿದ್ದ.

"ವಾಘ್ಯಾ, ಚಲ್," ಎಂದು ಸಿದ್ದರಾಯ ಎಳೆದ. ನಾಯಿ ನಾಲ್ಕೂ ಕಾಲು ಊರಿ ನಿಂತಿತು. ಮತ್ತೆ ಎಳೆದರೆ ಕೊರಳು ಬಿಗಿದು ಕೆಮ್ಮಿತು. ಹಾಲಸಿದ್ದ ಬಡಿಗೆಗೆ ಕೈ ಹಾಕಿದ.

ಯಮುನವ್ವ ಬಾಗಿಲಿಂದ ಕೆಳಗಿಳಿದು ಅಂಗಳಕ್ಕೆ ಬಂದಳು. ಸೆರಗು ತಲೆಯ ಮೇಲೆ ಸರಿಯಾಗಿಯೇ ಇತ್ತು. "ವಾಘ್ಯಾ ಅಲ್ಲ ಅದರ ಹೆಸರು. ಗುಂಡು. ಗುಂಡು ಅಂದ್ರ ಬರ್ತೈತಿ," ಎಂದಳು.

ಮೈದುನನ ಮುಂದೆ, ಅತ್ತೆಯ ಮುಂದೆ, ಹೊರಗಿನ ಗಂಡಸಿನ ಮುಂದೆ ಹೇಳಿದಳು. ಆಕೆಯ ಬಾಯಿಂದ ಹೆಸರು ಬಿದ್ದೊಡನೆ ನಾಯಿ ಸಿದ್ದರಾಯನ ಕೈಯ ಹಗ್ಗ ಜಾರಿಸಿಕೊಂಡು ಬಂದು ಆಕೆಯ ಮೊಳಕಾಲಿಗೆ ತಲೆ ಒತ್ತಿತು. ಸಿದ್ದರಾಯನಿಗೆ ಅದು ಯಾರ ಹೆಸರೆಂದು ಗೊತ್ತಿತ್ತು. ಅವನು ನೆಲ ನೋಡಿದ. ಯಮುನವ್ವ ಬಗ್ಗಿ ಹಗ್ಗ ಎತ್ತಿ, ತಾನೇ ಅವನ ಕೈಗೆ ಕೊಟ್ಟಳು.

"ಹೊಡೀಬ್ಯಾಡ್ರಿ ಅದಕ್ಕ."

"ಹೊಡ್ಯಾಂಗಿಲ್ಲವ್ವ," ಎಂದ ಅವನು. ಆಮೇಲೆ ಸಣ್ಣ ದನಿಯಲ್ಲಿ, "ಗುಂಡ್ಯಾ, ನಡಿಯಪಾ," ಎಂದ. ನಾಯಿ ಒಂದೊಂದೇ ಹೆಜ್ಜೆಯಿಟ್ಟು ಹೊರಟಿತು. ಸಡಕಿನ ತಿರುವಿನವರೆಗೂ ಹಿಂತಿರುಗಿ ನೋಡುತ್ತ ಹೋಯಿತು. ಯಮುನವ್ವ ತುಟಿ ಒತ್ತಿ ಹಿಡಿದು ನಿಂತಳು. ಕರೆದರೆ ಬರುತ್ತಿತ್ತು.

"ವೈನಿ ಹಿಂಗ ಮಂದಿ ಮುಂದ..." ಎಂದು ಹಾಲಸಿದ್ದ ಶುರುಮಾಡಿದ.

"ಅಕಿಗೆ ಯಾರೂ ಏನೂ ಅನ್ನಬ್ಯಾಡ್ರಿ," ಎಂದಳು ಹಣಮವ್ವ ಒಳಗಿನಿಂದ. ಮಗುವನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಹೊರಗೆ ಬರಲಿಲ್ಲ.

ಮಳೆಗಾಲ ಕಳೆಯಿತು. ಯಮುನವ್ವ ಗುಡ್ಡಕ್ಕೆ ಒಬ್ಬಳೇ ಹೋಗಿ ಬರುತ್ತಿದ್ದಳು. ಇನ್ನೊಂದು ಮರಿ ತರಲೇ ಎಂದು ಹಾಲಸಿದ್ದ ಕೇಳಿದಾಗ ಬೇಡವೆಂದಳು. ಮಗುವನ್ನು ಎತ್ತಿ ಆಡಿಸುವಳು, ಬಾಳ್ಯಾ ಎಂದು ಕರೆಯುವಳು. ಅದೂ ಅವಳಿಗೆ ಒಗ್ಗಿಕೊಂಡಿತ್ತು. ದೀಪಾವಳಿಯ ಮುಂದೆ ಹಾಲಸಿದ್ದ ಕಂಬಳಿ ಮಾರಲು ಇಚಲಕರಂಜಿಗೆ ಹೋಗಿ ಬಂದ. ಕೈಕಾಲು ತೊಳೆದು ಕೂತವನು, ಅತ್ತಿಗೆಗೆ ಸಮಾಧಾನವಾಗಲೆಂದೇ ಆ ಸುದ್ದಿ ಹೇಳಿದ.

"ನಾಯಿ ನೋಡಿ ಬಂದೆ, ವೈನಿ. ಭಾಳ ಛಲೋ ಮೈ ಹಿಡದೈತಿ. ಮಾಲಕರು ದಿನಾ ಹಾಲು ಹಾಕಸ್ತಾರ. ಈಗ ಅದಕ್ಕ ಟೈಗರ್ ಅಂತಾರ."

ಯಮುನವ್ವ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. "ಹಂಗಂದ್ರ ಬರ್ತೈತೇನು?"

"ಅಂದ ಕೂಡ್ಲೆ ಓಡಿ ಬಂತು."

"ನೀವು ಹಳೇ ಹೆಸರಲೆ ಕರದ್ರೇನು?"

"ಕರದೆ ವೈನಿ, ಒಂದ ಸಲ. ಮಗ್ಗದ ಸಪ್ಪಳಕ್ಕ ಕೇಳಲಿಲ್ಲೋ ಏನೋ. ತಿರಗಲಿಲ್ಲ."

"ಛಲೋ ಆತು," ಎಂದಳು ಯಮುನವ್ವ. ತಂಬಿಗೆಯನ್ನು ಅವನ ಮುಂದಿಟ್ಟು, ಮರಿಕುರಿಗಳಿಗೆ ಸೊಪ್ಪು ಹಾಕಲು ಹಿತ್ತಲಿಗೆ ಹೋದಳು.