ಅರುಂಧತಿಯ ಇನ್ನೊಂದು ಹೆಸರು

"ಇನ್ನಷ್ಟು ಬಿಗಿ ಕಟ್ಟೋ, ತಲಿ ವಾಲಾಕತ್ತೈತಿ," ಕೊಟ್ರಪ್ಪ ಗದರಿದ. ಗೋಡೆಗೆ ಒರಗಿಸಿ ಕೂಡಿಸಿದ್ದ ಅವನ ಹೆಂಡತಿ ವಿರೂಪಾಕ್ಷಮ್ಮನ ಹೆಣದ ಹಣೆಗೆ ಬಟ್ಟೆ ಸುತ್ತಿ, ಅವಳ ಅಣ್ಣನ ಮಗ ಶರಣಕುಮಾರ ಗೋಡೆಯ ಗೂಟಕ್ಕೆ ಬಿಗಿದ.

"ಮುತ್ತೈದಿಯಾಗಿ ಹೋದಳು. ಥೇಟ್ ಅರುಂಧತಿ," ಎಂದಳು ಕೊಟ್ರಪ್ಪನ ಅಕ್ಕ ಕಸ್ತೂರೆಮ್ಮ.

ಬೆಳಗಿನಿಂದ ಬಂದವರೆಲ್ಲ ಇದನ್ನೇ ಹೇಳಿದ್ದರು. ಕೊಟ್ರಪ್ಪನಿಗೆ ರೇಗಿತು.

"ಶರಣಾ, ಇವತ್ತೊಂದು ರಾತ್ರಿ ಇಡೂನು. ಚುಕ್ಕಿ ಮೂಡಲಿ. ಆಕಿಗೆ ಅರುಂಧತಿ ತೋರ್ಸೂದೈತಿ."

"ಈ ಬ್ಯಾಸಗ್ಯಾಗ ಹೆಂಗ ಇಡೂದ್ರಿ ಮಾಮಾ? ಕುಣಿ ತೆಗಿಸಿ ಆತು. ಹೊತ್ತು ಮುಣಗೂದ್ರೊಳಗ ಮುಗಿಸಬೇಕು."

"ಇದ್ದಾಗ ತೋರ್ಸದಾಂವ ಈಗೇನ್ ತೋರಿಸ್ತೀಯೋ ತಮ್ಮಾ?" ಎಂದಳು ಕಸ್ತೂರೆಮ್ಮ.

*

ಅವರ ಮದುವೆ ಆದದ್ದು ಗಂಗಾವತಿಯಲ್ಲಿ, ಮಟಮಟ ಮಧ್ಯಾಹ್ನ. ಅಯ್ಯನವರು ಉತ್ತರದ ಆಕಾಶಕ್ಕೆ ಬೆರಳೆತ್ತಿ, "ಅರುಂಧತಿ ನೋಡ್ರಿ. ಅಂದ್ರ, ಯಾವುದಕ್ಕೂ ಅಡ್ಡ ಬರದಾಕಿ," ಎಂದರು. ಎಲ್ಲ ಮದುಮಕ್ಕಳಂತೆ ಕೊಟ್ರಪ್ಪ, "ಕಂಡ್ತ್ರಿ," ಎಂದ. ಮದುಮಗಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ನನಗ ಕಾಣವಲ್ದು," ಎಂದಳು. ಹಂದರವೆಲ್ಲ ನಕ್ಕಿತು.

"ಸುಮ್ಕಿರು, ರಾತ್ರಿ ತೋರಿಸ್ತೀನಿ," ಎಂದು ಅವನು ಪಿಸುಗುಟ್ಟಿದ.

ಆಮೇಲೆ ಅಕ್ಕಿ ಗಿರಣಿಯ ಕೆಲಸ. ಬಂದವನು ಉಂಡು ಮಲಗುತ್ತಿದ್ದ. ವರ್ಷ ವರ್ಷ ಬೇಸಿಗೆ ಬಂದು ಆ ಚುಕ್ಕಿ ರಾತ್ರಿ ಮೇಲೇರಿತೆಂದರೆ, ತೋರಿಸೆಂದು ಅವಳು ಕೇಳುವಳು. ಅವನು "ನಾಳೆ" ಎನ್ನುವನು.

*

ಪಕ್ಕದ ಮನೆಯ ಸೈದಾನಬಿ ವಿರೂಪಾಕ್ಷಮ್ಮನಿಗೆ ಹೂವಿನ ಮಾಲೆ ಹಾಕಿ, ಕೊಟ್ರಪ್ಪನ ಬಳಿ ಬಂದಳು.

"ಸುಮ್ನ ಯಾಕ ಒದ್ದಾಡ್ತೀರಿ ಅಣ್ಣಾರ? ಆಕಿ ಅದನ್ನ ಎಂದೋ ನೋಡ್ಯಾಳ. ಮಾಳಿಗಿ ಮ್ಯಾಲೆ ನಾನ ತೋರ್ಸೀನಿ. ನಮ್ಮವರು ಆ ಚುಕ್ಕಿಗೆ ಸುಹಾ ಅಂತಾರ. ಮರತು ಬಿಟ್ಟದ್ದು ಅಂತ ಅರ್ಥ."

"ಏನಂದ್ಳು?"

"ನಕ್ಕಳ್ರಿ. 'ನಿಮ್ಮವರು ಮರತು ಬಿಟ್ಟಾಕಿ ಅಂತಾರ, ನಮ್ಮವರು ಅಡ್ಡ ಬರದಾಕಿ ಅಂತಾರ. ಹೆಸರಿಟ್ಟ ಇಬ್ರೂ ನಮ್ಮ ಮನಿ ನೋಡ್ಯಾರ ಬಿಡವ್ವ' ಅಂದ್ಳು."

"ಕಂಡಿತ್ತಂದ್ರ ನನ್ನ ಯಾಕ ಕೇಳ್ತಿದ್ಳು? ಹ್ವಾದ ವಾರನೂ ಕೇಳಿದ್ಳಲ್ಲ!" ಕೊಟ್ರಪ್ಪನ ದನಿ ಏರಿತು.

"ಚುಕ್ಕಿ ಸಲುವಾಗಿ ಕೇಳ್ತಿದ್ಳೇನ್ರಿ? ನೀವೊಂದೀಟು ಬಂದು ಬಾಜೂಕ ಕುಂದರ್ಲಿ ಅಂತ. ಮ್ಯಾಲೆ ಎರಡು ಕುರ್ಚಿ ಹಾಕಿದ್ಳು. ನಾನು ಹ್ವಾದ್ರ ನೆಲಕ್ಕ ಕುಂಡ್ರಸ್ತಿದ್ಳು. 'ಅದು ಅವರದು' ಅಂತ."

ಕೊಟ್ರಪ್ಪ ಎದ್ದು ಮಾಳಿಗೆ ಹತ್ತಿದ. ಉತ್ತರಕ್ಕೆ ಮುಖ ಮಾಡಿ ಎರಡು ಪ್ಲಾಸ್ಟಿಕ್ ಕುರ್ಚಿ. ಒಂದು ಕೂತು ಕೂತು ನುಣುಪಾಗಿತ್ತು. ಇನ್ನೊಂದರ ಮೇಲೆ ಗಿರಣಿಯಿಂದ ಹಾರಿ ಬಂದ ಹೊಟ್ಟಿನ ಕರಿ ಬೂದಿ ದಪ್ಪಗೆ ಕೂತಿತ್ತು.

"ಮಾಮಾ, ಬರ್ರಿ ಕೆಳಗ! ಎತ್ತೂ ಹೊತ್ತಾತು!" ಶರಣಕುಮಾರ ಕೂಗಿದ.

ಕೊಟ್ರಪ್ಪ ಒರೆಸಲಿಲ್ಲ. ಬಿಳಿ ಧೋತರದಲ್ಲೇ ಬೂದಿಯ ಮೇಲೆ ಕೂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಉರಿಬಿಸಿಲಿನ ಆಕಾಶವನ್ನು ನೋಡತೊಡಗಿದ.